ಹಗೇವಿನ ರಾಗಿ, ಹಗೇವಿನ ಎಣ್ಣೆ: ದೇಶದ ಇಂಧನ ಭದ್ರತೆ ಮತ್ತು ನಾವು

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಪೆಟ್ರೋಲಿಯಂ ಬಗ್ಗೆ ಮಾತನಾಡಲು ಭಾಷಾ ಶಿಕ್ಷಕನಿಗೇನು ಹಕ್ಕು ಎಂದು ಯಾರಾದರೂ ಕೇಳಬಹುದು. ಹಾಗಾಗಿ ಮಾತನ್ನು ನನ್ನ ಪಾಠದಿಂದಲೇ ಆರಂಭಿಸುತ್ತೇನೆ. ದೀಪಕ್ಕೆ ಹಾಕುವ ಎಣ್ಣೆಗೆ ನಮ್ಮ ಮನೆಗಳಲ್ಲಿ ‘ಮಿಟ್ಟಿ ಕಾ ತೇಲ್’ ಎನ್ನುತ್ತೇವೆ. ಅಂದರೆ ಮಣ್ಣಿನ ಎಣ್ಣೆ. ಅದೇ ಎಣ್ಣೆಗೆ ಕನ್ನಡದಲ್ಲಿ ‘ಸೀಮೆಎಣ್ಣೆ’ ಎನ್ನುತ್ತೇವೆ. ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ ಎನ್ನುವಾಗ ಇರುವ ‘ಸೀಮೆ’ಯೇ ಇದು, ಹೊರದೇಶದಿಂದ ಬಂದದ್ದು ಎಂದು ಅರ್ಥ. ಒಂದು ಭಾಷೆ ಅದು ನೆಲದೊಳಗಿನದು ಎಂದು ಹೇಳಿತು, ಇನ್ನೊಂದು ಭಾಷೆ ಅದು ಪರದೇಶದ್ದು ಎಂದು ಹೇಳಿತು. ನಮ್ಮ ದೇಶದ ಇಂಧನದ ಕಷ್ಟವೆಲ್ಲ ಈ ಎರಡು ಹೆಸರುಗಳಲ್ಲೇ ಇದೆ. ಎಣ್ಣೆ ಇರುವುದು ನೆಲದಡಿಯಲ್ಲಿ, ಆದರೆ ಬಹುಪಾಲು ನಮ್ಮ ನೆಲದಡಿಯಲ್ಲಿ ಅಲ್ಲ.

ನನ್ನ ಬಾಲ್ಯ ಕಳೆದದ್ದು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ. ಪಡಿತರ ಅಂಗಡಿಯ ಮುಂದೆ ಡಬ್ಬ ಇಟ್ಟು ಸಾಲಿನಲ್ಲಿ ನಿಲ್ಲುವುದು ನನ್ನ ಕೆಲಸವಾಗಿತ್ತು. ಎಣ್ಣೆ ಬಾರದ ವಾರ ಅಮ್ಮಾ ದೀಪ ಬೇಗ ಆರಿಸುತ್ತಿದ್ದರು. ಆ ವಾರ ನನ್ನ ಓದೂ ಬೇಗ ಮುಗಿಯುತ್ತಿತ್ತು. ಅಬ್ಬಾ ಲಾರಿ ಡ್ರೈವರ್. ಪಾವಗಡದ ಕಡೆಯಿಂದ ಚಳ್ಳಕೆರೆಯ ಮಿಲ್ಲುಗಳಿಗೆ ಕಡಲೆಕಾಯಿ ಸಾಗಿಸುತ್ತಿದ್ದರು. ಡೀಸೆಲ್ ದರ ಏರಿದ ತಿಂಗಳು ಮಾಲೀಕರು ಬಾಡಿಗೆ ಏರಿಸಲಾಗದೆ ಅಬ್ಬಾ ಅವರ ಬಾಟಾದಲ್ಲಿ ಹಿಡಿಯುತ್ತಿದ್ದರು. ಆ ತಿಂಗಳು ನಮ್ಮ ಮನೆಯ ಸಾರು ನೀರಾಗುತ್ತಿತ್ತು. ಅರಬ್ಬೀ ಸಮುದ್ರದಾಚೆ ಎಲ್ಲೋ ಏನೋ ಆದರೆ ನಮ್ಮ ಸಾರು ಯಾಕೆ ನೀರಾಗಬೇಕು ಎಂಬುದು ಆಗ ನನಗೆ ತಿಳಿಯುತ್ತಿರಲಿಲ್ಲ.

ಈಚೆಗೆ ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ: “ಸರ್, ಪೆಟ್ರೋಲ್ ಬಂಕಿನ ಕೆಳಗೆ ಎಣ್ಣೆಯ ಬೋರ್‌ವೆಲ್ ಇರುತ್ತಾ?” ಮಕ್ಕಳು ನಕ್ಕರು. ನಾನು ನಗಲಿಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗದ ಊರಿನ ಮಗು, ನೆಲದಿಂದ ಬರುವುದೆಲ್ಲ ಬೋರ್‌ವೆಲ್ಲಿನಿಂದಲೇ ಬರುತ್ತದೆ ಎಂದುಕೊಂಡರೆ ತಪ್ಪೇನು? ಅವತ್ತು ಪಾಠ ನಿಲ್ಲಿಸಿ ಪೆಟ್ರೋಲ್ ಬರುವ ದಾರಿಯನ್ನು ಬೋರ್ಡಿನ ಮೇಲೆ ಹಿಂದುಮುಂದಾಗಿ ಬರೆದೆ. ಬಂಕಿಗೆ ಬರುವುದು ಟ್ಯಾಂಕರ್ ಲಾರಿಯಿಂದ. ಟ್ಯಾಂಕರ್ ತುಂಬುವುದು ಕಂಪನಿಗಳ ಟರ್ಮಿನಲ್‌ಗಳಲ್ಲಿ. ಹಾಸನದಲ್ಲೂ ಬೆಂಗಳೂರಿನ ಹತ್ತಿರದ ದೇವನಗುಂದಿಯಲ್ಲೂ ಅಂಥ ಟರ್ಮಿನಲ್‌ಗಳಿವೆ. ಅಲ್ಲಿಗೆ ಮಂಗಳೂರಿನಿಂದ ಸುಮಾರು 360 ಕಿ.ಮೀ. ಉದ್ದದ ಪೈಪ್‌ಲೈನ್ ಇದೆ. 2003ರಿಂದ ಪೆಟ್ರೋಲ್, ಡೀಸೆಲ್ ಘಟ್ಟ ಹತ್ತಿ ಆ ಕೊಳವೆಯಲ್ಲಿ ಬರುತ್ತಿವೆ. ಪೈಪ್‌ಲೈನಿನ ಆ ತುದಿಯಲ್ಲಿ ಇರುವುದು ಎಂ.ಆರ್.ಪಿ.ಎಲ್. ಎಂಬ ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ. 1988ರಲ್ಲಿ ಕಂಪನಿಯಾಗಿ, 1996ರಲ್ಲಿ ಉತ್ಪಾದನೆ ಆರಂಭಿಸಿ, 2003ರಲ್ಲಿ ಸಾರ್ವಜನಿಕ ವಲಯದ ಒ.ಎನ್.ಜಿ.ಸಿ.ಯ ಕೈಗೆ ಬಂದ ಕಾರ್ಖಾನೆ ಅದು. ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ತೈಲ ಶುದ್ಧೀಕರಿಸುವ ಸಾಮರ್ಥ್ಯ ಅದಕ್ಕಿದೆ. ಅದಕ್ಕೆ ಬೇಕಾದ ಕಚ್ಚಾ ತೈಲ ಬರುವುದು ಹಡಗಿನಲ್ಲಿ, ಬಹುಪಾಲು ಬೇರೆ ದೇಶಗಳಿಂದ.

ಬೋರ್ಡಿನ ಮೇಲೆ ಗೆರೆ ಎಳೆಯುತ್ತಾ ಹೋದಂತೆ ಹುಡುಗರ ಮುಖ ಗಂಭೀರವಾಯಿತು. ನಮ್ಮ ಬಂಕಿನ ಪೈಪಿನ ಇನ್ನೊಂದು ತುದಿ ಸಮುದ್ರದ ಆಚೆ ಇದೆ ಎಂದು ಅವರಿಗೆ ಅಂದು ಗೊತ್ತಾಯಿತು.

ನಮ್ಮಲ್ಲಿ ಯಾಕೆ ಎಣ್ಣೆ ಸಿಗುವುದಿಲ್ಲ ಎಂದು ಇನ್ನೊಬ್ಬ ಕೇಳಿದ. ಕಿಟಕಿಯಿಂದ ಕಾಣುವ ಮಧುಗಿರಿ ಬೆಟ್ಟವನ್ನೇ ತೋರಿಸಿದೆ. ಪೆಟ್ರೋಲಿಯಂ ಹುಟ್ಟುವುದು ಹಳೆಯ ಸಮುದ್ರಗಳ ತಳದಲ್ಲಿ, ಸೂಕ್ಷ್ಮ ಜೀವಿಗಳ ಅವಶೇಷ ಕೆಸರಿನಡಿ ಸಿಕ್ಕಿ ಕೋಟ್ಯಂತರ ವರ್ಷ ಬೆಂದಾಗ. ನಮ್ಮದು ಸುಮಾರು 250 ಕೋಟಿ ವರ್ಷ ಹಳೆಯ ಗಟ್ಟಿ ಗ್ರಾನೈಟು. ಅದರಲ್ಲಿ ಎಣ್ಣೆ ಹುಟ್ಟುವುದಿಲ್ಲ. ಆದರೆ ಈ ಗಟ್ಟಿ ಕಲ್ಲನ್ನು ಮರೆಯಬೇಡಿ. ಮುಂದೆ ಅದೇ ನಮ್ಮ ಮಾತಿಗೆ ಬೇಕಾಗುತ್ತದೆ.

ಸ್ವಾತಂತ್ರ್ಯ ಬಂದಾಗ ಅಸ್ಸಾಮಿನ ಡಿಗ್ಬೋಯಿ ಬಿಟ್ಟರೆ ಹೇಳಿಕೊಳ್ಳುವಂಥ ತೈಲ ಕ್ಷೇತ್ರ ನಮಗಿರಲಿಲ್ಲ. ಎಣ್ಣೆಯ ವ್ಯಾಪಾರ ವಿದೇಶಿ ಕಂಪನಿಗಳ ಕೈಯಲ್ಲಿತ್ತು. 1960ರಲ್ಲಿ ಸೋವಿಯತ್ ಒಕ್ಕೂಟ ಕಡಿಮೆ ಬೆಲೆಗೆ ಕಚ್ಚಾ ತೈಲ ಕೊಡಲು ಮುಂದೆ ಬಂತು. ನಮ್ಮ ನೆಲದಲ್ಲೇ ಇದ್ದ ವಿದೇಶಿ ಕಂಪನಿಗಳ ಕಾರ್ಖಾನೆಗಳು ಅದನ್ನು ಶುದ್ಧೀಕರಿಸಲು ಒಪ್ಪಲಿಲ್ಲ. ಅಗ್ಗದ ಎಣ್ಣೆ ಸಿಗುತ್ತಿದ್ದರೂ ಅದನ್ನು ಕಾಯಿಸಲು ನಮಗೆ ಒಲೆ ಇರಲಿಲ್ಲ! ಸ್ವಂತ ಉದ್ಯಮ ಬೇಕು ಎಂದು ಕೇಶವದೇವ ಮಾಳವೀಯರಂಥವರು ಹಟ ಹಿಡಿದದ್ದರ ಅರ್ಥ ಇಲ್ಲಿದೆ. 1956ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ ಬಂತು. 1959ರಲ್ಲಿ ಇಂಡಿಯನ್ ಆಯಿಲ್ ಕಂಪನಿ ಬಂತು. 1962ರಲ್ಲಿ ಗುವಾಹಟಿಯಲ್ಲಿ ಸಾರ್ವಜನಿಕ ವಲಯದ ಮೊದಲ ಶುದ್ಧೀಕರಣ ಕಾರ್ಖಾನೆ ಆರಂಭವಾಯಿತು. 1974ರಲ್ಲಿ ಬಾಂಬೆ ಹೈನಲ್ಲಿ ಸಮುದ್ರದಡಿ ತೈಲ ಸಿಕ್ಕಿತು. ಅದೇ ವರ್ಷ ಎಸ್ಸೋ ರಾಷ್ಟ್ರೀಕರಣವಾಗಿ ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು; 1976ರಲ್ಲಿ ಬರ್ಮಾ ಶೆಲ್ ಸರ್ಕಾರದ ವಶಕ್ಕೆ ಬಂದು ಮುಂದೆ ಭಾರತ್ ಪೆಟ್ರೋಲಿಯಂ ಎನಿಸಿತು. ನಾವು ಬಂಕಿನ ಮೇಲೆ ಓದುವ ಹೆಸರುಗಳ ಹಿಂದೆ ಈ ಕಥೆ ಇದೆ.

ಕಾರ್ಖಾನೆ ನಮ್ಮದಾಯಿತು, ಆದರೆ ಎಣ್ಣೆ ನಮ್ಮದಾಗಲಿಲ್ಲ. 2023-24ರಲ್ಲಿ ದೇಶದ ಒಳಗೆ ಸಿಕ್ಕ ಕಚ್ಚಾ ತೈಲ 3 ಕೋಟಿ ಟನ್ನಿಗಿಂತ ಕಡಿಮೆ. ಹೊರಗಿನಿಂದ ತರಿಸಿದ್ದು ಸುಮಾರು 23 ಕೋಟಿ ಟನ್. ನೂರು ಲೀಟರ್ ಬೇಕಾದರೆ ಎಂಬತ್ತೈದಕ್ಕಿಂತ ಹೆಚ್ಚು ಲೀಟರಿಗೆ ಬೇರೆಯವರ ಕಡೆ ನೋಡಬೇಕು. ಅಡುಗೆ ಅನಿಲದಲ್ಲೂ ಅರ್ಧಕ್ಕಿಂತ ಹೆಚ್ಚು ಆಮದೇ. ಕೊಲ್ಲಿಯಿಂದ ಬರುವ ಹಡಗುಗಳ ದಾರಿಯಲ್ಲಿ ಹೊರ್ಮುಜ್ ಎಂಬ ಜಲಸಂಧಿ ಇದೆ. ಅದರ ಅತಿ ಕಿರಿದಾದ ಜಾಗ ಮಧುಗಿರಿಯಿಂದ ತುಮಕೂರಿಗೆ ಇರುವಷ್ಟು ದೂರವೂ ಇಲ್ಲ. 2024ರಲ್ಲಿ ಜಗತ್ತು ಬಳಸಿದ ತೈಲದ ಸುಮಾರು ಐದನೇ ಒಂದು ಪಾಲು ಆ ಸಂದಿಯಿಂದಲೇ ಹಾದುಹೋಗಿತ್ತು. ಅಲ್ಲಿ ಯುದ್ಧದ ಮಾತು ಬಂದರೆ ಸಾಕು, ಇಲ್ಲಿ ನಮ್ಮ ಅಂಗಡಿಯ ತರಕಾರಿ ದರ ಅಲುಗುತ್ತದೆ.

ಇದು ಬರೀ ಹೆದರಿಕೆಯ ಮಾತಲ್ಲ, ಹಿಂದೆ ನಡೆದದ್ದೇ. 1973ರ ಅರಬ್–ಇಸ್ರೇಲ್ ಯುದ್ಧದ ನಂತರ ಕೆಲವೇ ತಿಂಗಳಲ್ಲಿ ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ತೈಲ 11 ಡಾಲರ್ ದಾಟಿತು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿನ ಮೇಲೆ ದಾಳಿ ಮಾಡಿದಾಗ ಬೆಲೆ ಮೂರು ತಿಂಗಳೊಳಗೆ ಎರಡು ಪಟ್ಟಿಗೂ ಮೀರಿ ಏರಿತ್ತು. ಆಗ ನಮಗೆ ಎರಡು ಕಡೆಯಿಂದ ಪೆಟ್ಟು. ಎಣ್ಣೆಗೆ ಹೆಚ್ಚು ಹಣ ಹೋಗಬೇಕು. ಅಲ್ಲಿ ದುಡಿಯುತ್ತಿದ್ದವರು ಕಳಿಸುವ ಹಣ ನಿಲ್ಲಬೇಕು. 1,70,000ಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ದೇಶದ ಬೊಕ್ಕಸ ಬರಿದಾಗಲು ಬೇರೆ ಕಾರಣಗಳೂ ಇದ್ದವು, ಆದರೆ ಇದು ದೊಡ್ಡ ಕಾರಣ. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಅಡ ಇಡಬೇಕಾಯಿತು. ಮನೆಯಲ್ಲಿ ಕಷ್ಟ ಬಂದಾಗ ತಾಯಿಯ ಬಳೆ ಅಡ ಇಡುತ್ತೇವಲ್ಲ, ದೇಶಕ್ಕೂ ಆ ದಿನ ಬಂದಿತ್ತು. ಕೊಲ್ಲಿಯಿಂದ ಬರುವ ಹಣದಲ್ಲಿ ಮಕ್ಕಳನ್ನು ಓದಿಸುವ ಮನೆಗಳು ಈ ಸಭೆಯಲ್ಲೂ ಇರಬಹುದು. ಅವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಎಣ್ಣೆ ಇಲ್ಲದವರು ಏನು ಮಾಡಬೇಕು? ಇದಕ್ಕೆ ಉತ್ತರ ನಮ್ಮ ಬಯಲುಸೀಮೆಯ ಅಜ್ಜಂದಿರಿಗೆ ಗೊತ್ತಿತ್ತು. ಅದರ ಹೆಸರು ಹಗೇವು. ಇಂದಿನ ಮಕ್ಕಳು ಹಗೇವು ನೋಡಿರಲಾರರು. ಕಿರಿದಾದ ಬಾಯಿ, ಒಳಗೆ ಅಗಲವಾದ ಹೊಟ್ಟೆ ಇರುವಂತೆ ನೆಲದಲ್ಲಿ ತೋಡಿದ ಕಣಜ ಅದು. ಬೆಳೆ ಚೆನ್ನಾಗಿ ಬಂದ ವರ್ಷ ರಾಗಿ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಒಳಗೆ ಗಾಳಿ ಆಡದೆ ಹುಳು ಹತ್ತುತ್ತಿರಲಿಲ್ಲ. ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ನೇರ ಇಳಿಯುತ್ತಿರಲಿಲ್ಲ. ಬಾಯಿ ತೆರೆದು, ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಏಳು ಸಮೃದ್ಧಿಯ ವರ್ಷಗಳಲ್ಲಿ ಕೂಡಿಟ್ಟು ಏಳು ಬರಗಾಲದ ವರ್ಷಗಳನ್ನು ದಾಟಿಸಿದ ಹಜರತ್ ಯೂಸುಫರ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಪಾವಗಡದಂಥ ಬರದ ಸೀಮೆಯವರಿಗೆ ಅದು ಬರೀ ಕಥೆಯಲ್ಲ, ಬದುಕುವ ದಾರಿ.

ದೇಶವೂ ಈಗ ಎಣ್ಣೆಗೆ ಹಗೇವು ತೋಡಿದೆ. ನಮ್ಮ ಕರ್ನಾಟಕಕ್ಕೆ ಹೆಮ್ಮೆಯ ಮಾತೆಂದರೆ, ಅದರ ಬಹುಪಾಲು ನಮ್ಮ ಕರಾವಳಿಯಲ್ಲಿದೆ. ಮಂಗಳೂರಿನ ಹತ್ತಿರ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಆಂಧ್ರದ ವಿಶಾಖಪಟ್ಟಣದಲ್ಲಿ 13 ಲಕ್ಷ 30 ಸಾವಿರ ಟನ್. ಮೊದಲ ಹಂತದ ಈ ಒಟ್ಟು 53 ಲಕ್ಷ 30 ಸಾವಿರ ಟನ್ನಿನ ದಾಸ್ತಾನು ಸಾಮರ್ಥ್ಯದಲ್ಲಿ ನಾಲ್ಕನೇ ಮೂರು ಪಾಲು ಕರ್ನಾಟಕದ ಕಲ್ಲಿನೊಳಗಿದೆ. ಕಲ್ಲು ಎಂದೆ. ಗಟ್ಟಿ ಬಂಡೆಯನ್ನು ಕೊರೆದು ಮಾಡಿದ ಗವಿಗಳು ಅವು. ಒಳಗೆ ಸಿಮೆಂಟಿನ ತೊಟ್ಟಿಯಾಗಲಿ ಕಬ್ಬಿಣದ ಟ್ಯಾಂಕಾಗಲಿ ಇಲ್ಲ. ಹಾಗಾದರೆ ಬಿರುಕಿನಿಂದ ಎಣ್ಣೆ ಸೋರುವುದಿಲ್ಲವೇ? ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಿ. ಗವಿಯನ್ನು ಅಂತರ್ಜಲದ ಮಟ್ಟಕ್ಕಿಂತ ಆಳದಲ್ಲಿ ಕೊರೆಯುತ್ತಾರೆ. ಅದರ ಮೇಲ್ಭಾಗದಲ್ಲಿ ಸಾಲಾಗಿ ರಂಧ್ರ ಕೊರೆದು ನೀರು ತುಂಬಿಸಿಡುತ್ತಾರೆ. ಸುತ್ತಲಿನ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಿರುವುದರಿಂದ ನೀರು ಸ್ವಲ್ಪ ಸ್ವಲ್ಪ ಒಳಗೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಗೆ ಬರುವುದಿಲ್ಲ. ಜಿನುಗಿದ ನೀರು ಎಣ್ಣೆಗಿಂತ ಭಾರ. ತಳಕ್ಕೆ ಇಳಿದಾಗ ಪಂಪಿನಿಂದ ಹೊರತೆಗೆಯುತ್ತಾರೆ. ಎಣ್ಣೆ ಹುಟ್ಟಿಸಲಾರದ ನಮ್ಮ ಕಲ್ಲು ಎಣ್ಣೆಯನ್ನು ಕಾಯಬಲ್ಲದು.

ಹಗೇವಿಗೆ ತುಂಬುವ ಹೊತ್ತು ಸುಗ್ಗಿ. 2020ರ ಏಪ್ರಿಲ್–ಮೇ ತಿಂಗಳಲ್ಲಿ, ಕೊರೊನಾ ಕಾರಣಕ್ಕೆ ಜಗತ್ತೇ ಮನೆಯಲ್ಲಿ ಕೂತಾಗ, ತೈಲ ಕೇಳುವವರಿರಲಿಲ್ಲ. ಸರಾಸರಿ 19 ಡಾಲರ್ ದರದಲ್ಲಿ ಕೊಂಡು ಈ ಗವಿಗಳನ್ನು ತುಂಬಿಸಲಾಯಿತು. ಸುಮಾರು 5,000 ಕೋಟಿ ರೂಪಾಯಿ ಉಳಿತಾಯವಾಯಿತೆಂದು ಸರ್ಕಾರ ಸಂಸತ್ತಿನಲ್ಲಿ ತಿಳಿಸಿತು. ಇದು ಒಳ್ಳೆಯ ಕೆಲಸ. ಆದರೆ ಲೆಕ್ಕವನ್ನು ಪೂರ್ತಿ ನೋಡಬೇಕು. ಈ ಗವಿಗಳು ತುಂಬಿದ್ದರೆ, 2019-20ರ ಬಳಕೆಯ ಪ್ರಮಾಣದಲ್ಲಿ, ದೇಶಕ್ಕೆ ಬರುವುದು ಸುಮಾರು ಒಂಬತ್ತೂವರೆ ದಿನ. ಕಂಪನಿಗಳ ಬಳಿ ಇರುವ ದಾಸ್ತಾನು ಸೇರಿಸಿದರೆ ಸುಮಾರು 74 ದಿನ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯ ರಾಷ್ಟ್ರಗಳಿಗೆ ಹಾಕಿರುವ ನಿಯಮ 90 ದಿನಗಳ ಆಮದಿನಷ್ಟು. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್, ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್ ಸಂಗ್ರಹಕ್ಕೆ 2021ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟದ್ದು ಈ ಕೊರತೆಯನ್ನು ನೋಡಿಯೇ.

ಆದರೆ ಹಗೇವು ತುಂಬಿದ ಮಾತ್ರಕ್ಕೆ ಮನೆ ಒಲೆ ಉರಿಯುವುದಿಲ್ಲ. 2024ರ ಜನವರಿ ಮೊದಲ ವಾರ ನೆನಪಿಸಿಕೊಳ್ಳಿ. ಅಪಘಾತ ಮಾಡಿ ಓಡಿಹೋದ ಚಾಲಕರಿಗೆ ಹೊಸ ಕಾನೂನಿನಲ್ಲಿ ಹತ್ತು ವರ್ಷದವರೆಗೆ ಶಿಕ್ಷೆ ಎಂದು ಬಂದಾಗ ಹಲವು ರಾಜ್ಯಗಳಲ್ಲಿ ಲಾರಿ, ಟ್ಯಾಂಕರ್ ಚಾಲಕರು ಗಾಡಿ ನಿಲ್ಲಿಸಿದರು. ಹೈದರಾಬಾದಿನಲ್ಲಿ ಬಂಕುಗಳ ಮುಂದೆ ಕಿಲೋಮೀಟರ್‌ಗಟ್ಟಲೆ ಸಾಲು ಹತ್ತಿತು. ದೇಶದಲ್ಲಿ ಎಣ್ಣೆ ಇತ್ತು, ಕಾರ್ಖಾನೆ ನಡೆಯುತ್ತಿತ್ತು, ಆದರೂ ಬಂಕು ಒಣಗಿತು. ಸರ್ಕಾರ ಚಾಲಕರ ಸಂಘಟನೆಯನ್ನು ಕರೆದು ಮಾತನಾಡಿದ ಮೇಲೆ ಗಾಡಿಗಳು ಹೊರಟವು. ಅಂದರೆ ಇಂಧನ ಭದ್ರತೆಯ ಸರಪಳಿಯಲ್ಲಿ ಡ್ರೈವರೂ ಒಂದು ಕೊಂಡಿ. ಡ್ರೈವರನ ಮಗನಾಗಿ ಈ ಮಾತನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ.

ಇನ್ನು ನಮ್ಮದೇ ನೆಲದ ಕಡೆ ಬರೋಣ. ಎಣ್ಣೆಯ ಹಗೇವು ಕರಾವಳಿಯಲ್ಲಿದ್ದರೆ ಬಿಸಿಲಿನ ಕಣಜ ನಮ್ಮ ಪಾವಗಡದಲ್ಲಿದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ನಿಂತಿದೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣವಾಯಿತು. ಇಲ್ಲಿ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತಿದ್ದ ರೈತನಿಗೆ ಇದು ಆಸರೆ. ಆದರೆ ಭೂಮಿ ಇಲ್ಲದ ಕೂಲಿಯವನಿಗೆ ಗುತ್ತಿಗೆ ಹಣ ಇಲ್ಲ. ಅವನು ಕಳೆ ಕೀಳುತ್ತಿದ್ದ ಹೊಲವೂ ಇಲ್ಲ. ಕುರಿ ಮೇಯಿಸುವವನಿಗೆ ಬೇಲಿ ಅಡ್ಡ. ಮಂಗಳೂರಿನ ಕಾರ್ಖಾನೆಗೂ ಹಳ್ಳಿಗಳು ಮನೆ, ಹೊಲ ಬಿಟ್ಟುಕೊಟ್ಟಿವೆ. ದೇಶದ ಭದ್ರತೆಗೆ ಯಾರೋ ಬೆಲೆ ತೆರುತ್ತಾರೆ. ಆ ಬೆಲೆ ಯಾವಾಗಲೂ ಬಡವನ ಪಾಲಿಗೇ ಬಾರದಂತೆ ನೋಡಿಕೊಳ್ಳುವುದೂ ಭದ್ರತೆಯ ಒಂದು ಭಾಗ ಎಂದು ನಾನು ತಿಳಿದಿದ್ದೇನೆ.

ನಮ್ಮ ಜಿಲ್ಲೆಗೆ ಇನ್ನೊಂದು ಹಿರಿಮೆ ಇದೆ. ತೈಲ ಬೆಲೆ ಗಗನಕ್ಕೇರಿದ ಆ ಕಾಲದಲ್ಲೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭಿಸಿದರು. ಅವರು ಕೆಲಸಕ್ಕೆ ಆರಿಸಿಕೊಂಡದ್ದು ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಹಳ್ಳಿಗಳನ್ನು. ಹಳ್ಳಿಯ ನಿಜವಾದ ಇಂಧನ ಸೌದೆ, ಅದನ್ನು ಹೊರುವವರು ಹೆಂಗಸರು ಮತ್ತು ಮಕ್ಕಳು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಕಡಿಮೆ ಸೌದೆ, ಕಡಿಮೆ ಹೊಗೆಯ ಅಸ್ತ್ರ ಒಲೆ ಆ ಕೆಲಸದ ಫಲ. ಇಂಧನ ಉಳಿಸಿದರೆ ಮೊದಲು ಉಳಿಯುವುದು ತಾಯಿಯ ಸಮಯ ಮತ್ತು ಮಗುವಿನ ಓದು.

ಈಗ ಸಂಘದ ಹಿರಿಯರಿಗೂ ಮಕ್ಕಳಿಗೂ ನನ್ನ ಮನಸ್ಸಿನ ಮಾತು ಹೇಳುತ್ತೇನೆ. ಪೆಟ್ರೋಲಿಯಂ ಉದ್ಯಮದಲ್ಲಿ ನಾವಿಲ್ಲ ಎಂದಲ್ಲ, ಇದ್ದೇವೆ. ಲಾರಿ ಓಡಿಸುತ್ತೇವೆ, ಪಂಕ್ಚರ್ ಹಾಕುತ್ತೇವೆ, ಇಂಜಿನ್ ಬಿಚ್ಚುತ್ತೇವೆ, ಕೊಲ್ಲಿ ದೇಶಗಳಿಗೆ ಹೋಗಿ ಹೆಲ್ಪರ್ ಆಗಿ ದುಡಿಯುತ್ತೇವೆ. ಈ ಯಾವ ಕೆಲಸವೂ ಕೀಳಲ್ಲ. ನಾನು ಉಂಡ ಅನ್ನ ಅದರದ್ದೇ. ಆದರೆ ಪ್ರಯೋಗಾಲಯದಲ್ಲಿ, ಕಂಟ್ರೋಲ್ ರೂಮಿನಲ್ಲಿ, ಲೆಕ್ಕಪತ್ರದಲ್ಲಿ, ನೀತಿ ರೂಪಿಸುವ ಮೇಜಿನಲ್ಲಿ ನಮ್ಮ ಮಕ್ಕಳು ಎಷ್ಟು ಜನ ಇದ್ದಾರೆ? ಎಸ್.ಎಸ್.ಎಲ್.ಸಿ. ಮುಗಿಯುವ ಮೊದಲೇ ಶಾಲೆ ಬಿಟ್ಟು ಶಿರಾ ಹೆದ್ದಾರಿಯ ಗ್ಯಾರೇಜು ಸೇರಿದ ನನ್ನ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ಬಲು ಚುರುಕು ಹುಡುಗರು. ಆದರೆ ರಸ್ತೆಯ ಮೇಲೆ ಈಗ ಬ್ಯಾಟರಿ ಸ್ಕೂಟರು, ಬ್ಯಾಟರಿ ಆಟೋ ಬಂದಿವೆ. ಅದಕ್ಕೆ ಕಾರ್ಬುರೇಟರೂ ಇಲ್ಲ, ಇಂಜಿನ್ ಆಯಿಲೂ ಇಲ್ಲ. ಹತ್ತು ವರ್ಷದ ನಂತರ ಆ ಹುಡುಗನ ಕೈಗೆ ಯಾವ ಕೆಲಸ? ದೇಶ ತನ್ನ ಇಂಧನದ ಬಗ್ಗೆ ಮುಂದಾಲೋಚನೆ ಮಾಡುತ್ತಿರುವಾಗ ನಾವು ನಮ್ಮ ಮಕ್ಕಳ ಬಗ್ಗೆ ಮಾಡದಿದ್ದರೆ ಹೇಗೆ?

ಆದ್ದರಿಂದ ಮೂರು ವಿನಂತಿ. ಮೊದಲನೆಯದು, ಗ್ಯಾರೇಜಿನಲ್ಲಿರುವ ಹುಡುಗರಿಗೆ ಐ.ಟಿ.ಐ. ಪ್ರಮಾಣಪತ್ರ, ಬ್ಯಾಟರಿ ವಾಹನದ ರಿಪೇರಿ ಕಲಿಯುವ ದಾರಿಯನ್ನು ಸಂಘ ತೋರಿಸಬೇಕು, ಪ್ರೈವೇಟಾಗಿ ಎಸ್.ಎಸ್.ಎಲ್.ಸಿ. ಕಟ್ಟಿಸಬೇಕು. ಎರಡನೆಯದು, ಹೆಣ್ಣುಮಕ್ಕಳನ್ನೂ ಸೇರಿಸಿ, ಪಿ.ಯು.ಸಿ. ವಿಜ್ಞಾನದ ಮಕ್ಕಳಿಗೆ ಸುರತ್ಕಲ್ಲಿನ ಎನ್.ಐ.ಟಿ., ಧನಬಾದಿನ ಐ.ಐ.ಟಿ., ರಾಜೀವ್ ಗಾಂಧಿ ಪೆಟ್ರೋಲಿಯಂ ತಂತ್ರಜ್ಞಾನ ಸಂಸ್ಥೆ ಮೊದಲಾದವುಗಳ ಹೆಸರು, ಪ್ರವೇಶ ಪರೀಕ್ಷೆ, ವಿದ್ಯಾರ್ಥಿವೇತನದ ವಿವರ ತಿಳಿಸಬೇಕು. ಹೆಸರೇ ಕೇಳದ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಮೂರನೆಯದು ನಮ್ಮ ಮನೆಗಳಿಗೆ. ವದಂತಿ ಕೇಳಿ ಕ್ಯಾನಿನಲ್ಲಿ ಪೆಟ್ರೋಲ್ ತುಂಬಿ ಮನೆಯಲ್ಲಿಡಬೇಡಿ. ಅದು ಹಗೇವಲ್ಲ, ಮನೆಗೆ ಇಟ್ಟ ಬೆಂಕಿ. ನಾವು ಮಾಡಬಹುದಾದ ಕೂಡಿಕೆ ಬೇರೆ ಇದೆ: ಟೈರಿನ ಗಾಳಿ ಸರಿಯಾಗಿಡುವುದು, ನಿಂತ ಗಾಡಿಯ ಇಂಜಿನ್ ಆರಿಸುವುದು, ಹತ್ತಿರದ ಅಂಗಡಿಗೆ ನಡೆದು ಹೋಗುವುದು.

ಬೋರ್‌ವೆಲ್ ಪ್ರಶ್ನೆ ಕೇಳಿದ ಆ ಹುಡುಗ ಮೊನ್ನೆ ಮತ್ತೆ ಬಂದು ಕೇಳಿದ: “ಸರ್, ಆ ಕಲ್ಲಿನ ಗವಿಯಲ್ಲಿ ನೀರಿನ ಒತ್ತಡ ನೋಡಿಕೊಳ್ಳುವವರು ಏನು ಓದಿರುತ್ತಾರೆ?” ಈ ಸಲ ತರಗತಿಯಲ್ಲಿ ಯಾರೂ ನಗಲಿಲ್ಲ. ಅವನಿಗೆ ಉತ್ತರ ಕೊಟ್ಟಿದ್ದೇನೆ. ಅವನನ್ನು ಅಲ್ಲಿಯವರೆಗೆ ಕಳಿಸುವ ಹೊಣೆ ನನ್ನೊಬ್ಬನದಲ್ಲ, ಈ ಸಭೆಯಲ್ಲಿರುವ ಎಲ್ಲರದು. ಹಗೇವನ್ನು ಒಬ್ಬನೇ ತೋಡಲಾಗದು, ಒಬ್ಬನೇ ತುಂಬಲಾಗದು.